ಎಂಟು ತೂತಿನ ಕಯಾಕ್ ಮತ್ತು ವಾಷರ್ ಮಹಾಶಯ

ಆ ಊರಲ್ಲಿ ನೀರು ಎಲ್ಲೇ ಸೋರಲಿ, ಜನ ಕರೆಯುತ್ತಿದ್ದದ್ದು ಒಬ್ಬನನ್ನೇ. ಊರು ಅವನಿಗಿಟ್ಟ ಹೆಸರು ವಾಷರ್. ಮೂವತ್ತು ವರ್ಷದಿಂದ ಕೊಳಾಯಿ ಕೆಲಸ. ಕೈ ಬಂಗಾರ, ಅದನ್ನು ಒಪ್ಪೋಣ. ಬಾಯಿ ಮಾತ್ರ ಯಾವ ವಾಷರ್ ಹಾಕಿದರೂ ನಿಲ್ಲದ ನಲ್ಲಿ. ಹೆಂಡತಿಗೆ ಈರುಳ್ಳಿ ಹೆಚ್ಚುವುದು ಹೇಗೆ, ಅಕ್ಕನಿಗೆ ಬಟ್ಟೆ ಹಿಂಡುವುದು ಹೇಗೆ ಎಂದು ದಿನವೂ ಪಾಠ. ಒಮ್ಮೆ ಹಲ್ಲಿನ ಡಾಕ್ಟರಿಗೇ ಹಲ್ಲು ಕೀಳುವುದು ಹೇಗೆಂದು ಹೇಳಿಕೊಟ್ಟಿದ್ದ, ಅದೂ ತನ್ನದೇ ಬಾಯೊಳಗೆ ಆ ಪುಣ್ಯಾತ್ಮನ ಇಕ್ಕಳ ಇರುವಾಗ.

ಮನೆಯ ಕೆಳಗೆ ಇವನ ಸಂಸಾರ, ಮೇಲೆ ಅಕ್ಕ–ಭಾವ. ಅಡುಗೆಮನೆ ಮಾತ್ರ ಒಂದೇ. ಭಾವ ಬಂದರಿನಲ್ಲಿ ಹಡಗು ಎಳೆಯುವ ಟಗ್ ದೋಣಿಯಲ್ಲಿ ಚುಕ್ಕಾಣಿ ಹಿಡಿದು ನಿವೃತ್ತರಾದವರು. ಮಾತು ಕಮ್ಮಿ. ಒಂದು ಭಾನುವಾರ ತಿಂಡಿ ತಿನ್ನುತ್ತಾ, "ಸಮುದ್ರದಲ್ಲಿರೋ ಆ ಕರಿಬಂಡೆ ಹತ್ರ ಮೀನು ಕುಣೀತಿವೆ. ದಡದಿಂದ ಗಾಳ ಎಸೆದ್ರೆ ಮುಟ್ಟಲ್ಲ," ಎಂದರು. ತಮ್ಮ ಪಾಡಿಗೆ ಆಡಿಕೊಂಡ ಮಾತು.

"ಅದಕ್ಕೇನು ಭಾವ, ಒಬ್ರೇ ಕೂತು ಹುಟ್ಟು ಹಾಕೋ ಪುಟ್ಟ ದೋಣಿ, ಒಂದು ಕಯಾಕ್ ತಂದ್ರಾಯ್ತು. ನಾನು ಹೋಗಿ ಹಿಡ್ಕೊಂಡು ಬರ್ತೀನಿ."

ಭಾವ ತಲೆ ಎತ್ತಿ ನೋಡಿದರು. "ನೀನಾ?"

ರಾಜ್ಯಗಳು ಇದಕ್ಕಿಂತ ಸಣ್ಣ ಮಾತಿಗೆ ಉರಿದುಹೋಗಿವೆ. ವಾಷರ್ ಎದ್ದು ನಿಂತ. "ಬರೋ ಭಾನುವಾರ ಕರಿಬಂಡೆ ಹತ್ರ ಹಿಡಿದ ಮೀನು ಈ ಮೇಜಿನ ಮೇಲಿಡ್ತೀನಿ. ಇಡದಿದ್ರೆ, ಅವತ್ತಿಂದ ಒಂದು ವರ್ಷ ಈ ಮನೇಲಿ ಯಾರಿಗೂ ಒಂದು ಬುದ್ಧಿಮಾತು ಹೇಳಲ್ಲ!"

ಹೆಂಡತಿ ಸೌಟು ಕೆಳಗಿಟ್ಟಳು. "ರೀ, ಇನ್ನೊಂದ್ಸಲ ಹೇಳಿ."

ಹೇಳಿದ. ಅಕ್ಕ ಕ್ಯಾಲೆಂಡರಿನ ಹಿಂದೆ ಬರೆದು ಸಹಿ ಹಾಕಿಸಿಕೊಂಡಳು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಹೆಂಡತಿಯ ಕಣ್ಣಲ್ಲಿ ಆ ಬಗೆಯ ಆಸೆ ಮಿನುಗಿದ್ದು ಅದೇ ಮೊದಲು.

ಕಯಾಕ್ ಅಂಗಡಿಯಲ್ಲಿದ್ದದ್ದು ಒಬ್ಬ ಹೆಂಗಸು. ಬಿಸಿಲಿಗೆ ಕಂದಿದ ಮುಖ, ಅಂಗೈ ತುಂಬ ಹುಟ್ಟು ಹಾಕಿ ಹಾಕಿ ಬಿದ್ದ ಜಡ್ಡು. ವಾಷರ್ ಒಳಗೆ ಬಂದವನೇ ಕಯಾಕುಗಳನ್ನು ಪೈಪು ಪರೀಕ್ಷಿಸುವಂತೆ ಬೆರಳ ಗೆಣ್ಣಿನಿಂದ ಟಕಟಕ ಬಡಿಯುತ್ತಾ ಹೋದ.

"ಎಲ್ಲಿಗೆ ಬೇಕಿತ್ತು ಸರ್? ಕೆರೆಗಾ, ಸಮುದ್ರಕ್ಕಾ?"

"ಸಮುದ್ರಕ್ಕೆ. ಮೀನು ಹಿಡಿಯೋಕೆ."

"ಹಾಗಾದ್ರೆ ಒಳಗೆ ಕಾಲು ತೂರಿಸಿ ಕೂರೋದು ಬೇಡ, ಮೇಲೆ ಕೂರೋದು ತಗೊಳ್ಳಿ. ಮಗುಚಿದ್ರೂ ತಿರುಗಿಸಿ ಹತ್ತಬಹುದು. ತೀರಾ ಉದ್ದ ಇದ್ರೆ ಓಡುತ್ತೆ, ಆದ್ರೆ ನೀವೊಬ್ರೇ ಹೊರೋಕೆ ಕಷ್ಟ. ತೀರಾ ಅಗಲ ಇದ್ರೆ ಅಲುಗಾಡಲ್ಲ, ಆದ್ರೆ ಗಾಳಿ ಎದುರಾದ್ರೆ ತೋಳು ಬಿದ್ದುಹೋಗುತ್ತೆ. ಹನ್ನೆರಡು ಅಡಿಯ ಈ ಹಳದಿಯದು ನಿಮಗೆ ಸರಿ. ನಿಮ್ಮ ತೂಕ ಎಷ್ಟು?"

"ಎಪ್ಪತ್ತೆಂಟು," ಎಂದ ತೊಂಬತ್ತೊಂದು ಕಿಲೋದ ವೀರ.

ಅವಳು ಅವನ ಹೊಟ್ಟೆಯನ್ನೊಮ್ಮೆ ನೋಡಿ, ತೊಂಬತ್ತು ಎಂದು ಬರೆದುಕೊಂಡಳು. "ಹಿಂದೆಯೇ ನೀರಿದೆ, ಒಂದ್ಸಲ ಕೂತು ನೋಡಿ."

"ಮೂವತ್ತು ವರ್ಷ ನೀರಲ್ಲೇ ನಿಂತಿದ್ದೀನಮ್ಮ." ಹಾಗೆಂದು ಬಗ್ಗಿ ನೋಡಿದವನ ಮುಖ ಸುಟ್ಟ ಬದನೆಕಾಯಾಯಿತು. "ಇದೇನು? ತಳದಲ್ಲಿ ತೂತು! ಒಂದಲ್ಲ, ಎಂಟು!"

"ಅವು ಇರಬೇಕು ಸರ್. ಅಲೆ ಬಂದು ಮೇಲೆ ನೀರು ತುಂಬಿದ್ರೆ ಅದರಲ್ಲೇ ಇಳಿದು ಹೋಗುತ್ತೆ. ಸಮುದ್ರದಲ್ಲಿ ಮುಚ್ಚಬೇಡಿ."

"ಇಳಿದು ಹೋಗೋ ದಾರೀಲಿ ಹತ್ತಿ ಬರಲ್ವಾ?"

"ಒಂಚೂರು ಬರುತ್ತೆ. ಕೂತ ಜಾಗ ನೀರಿನ ಮಟ್ಟಕ್ಕಿಂತ ಮೇಲಿರುತ್ತೆ, ಮುಳುಗಲ್ಲ. ಸ್ವಲ್ಪ ಒದ್ದೆಯಾಗ್ತೀರಿ, ಅಷ್ಟೆ."

ಒದ್ದೆ! ಆ ಪದ ಕೇಳಿದರೆ ವಾಷರ್‌ಗೆ ಮೈಯೆಲ್ಲ ಉರಿ. ಒದ್ದೆ ಗೋಡೆ, ಒದ್ದೆ ಛಾವಣಿ, ಒದ್ದೆ ನೆಲಗಳ ವಿರುದ್ಧವೇ ಅವನ ಜೀವಮಾನದ ಯುದ್ಧ. ಪಾಪ, ಇವಳಿಗೇನು ಗೊತ್ತು ಎಂಬ ಮುಗುಳ್ನಗೆ ಎಸೆದು, ಹಳದಿ ಕಯಾಕನ್ನು ವ್ಯಾನಿನ ಮೇಲೆ ಕಟ್ಟಿಸಿ ಮನೆಗೆ ತಂದ.

ಆಮೇಲಿನ ಮೂರು ದಿನ ಅವನು ಯಾರ ಮನೆಯ ಕೊಳಾಯಿಗೂ ಹೋಗಲಿಲ್ಲ. ಹಿತ್ತಲಲ್ಲಿ ಕಯಾಕನ್ನು ಮಗುಚಿ ಹಾಕಿ, ಒಂದೊಂದು ತೂತಿಗೂ ಅಳತೆಯ ರಬ್ಬರ್ ಬಿರಡೆ ಕೊರೆದ. ಮೇಲೊಂದು ತಗಡಿನ ಬಿಲ್ಲೆ, ಕೆಳಗೊಂದು ತಗಡಿನ ಬಿಲ್ಲೆ, ನಡುವೆ ಉದ್ದದ ಬೋಲ್ಟು, ಎರಡೂ ಕಡೆಯಿಂದ ಸ್ಪ್ಯಾನರ್ ಹಾಕಿ ಬಿಗಿತ. ಎಂಟೂ ಮುಗಿದಾಗ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನಿಂತ. ಕೋಟೆ ಗೆದ್ದ ದಂಡನಾಯಕ ಕೂಡ ಅಷ್ಟು ಬೀಗಿರಲಾರ.

ಭಾವ ಮೇಲಿನ ಕಿಟಕಿಯಿಂದ ನೋಡಿದರು. "ತೂತು ಮುಚ್ಚಿದ್ಯೇನೋ?"

"ಕಂಪನಿಯವರು ಬಿಟ್ಟ ತಪ್ಪು ಭಾವ. ಸರಿ ಮಾಡ್ದೆ."

ಭಾವ ಏನೋ ಹೇಳಲು ಬಾಯಿ ತೆರೆದರು. ಅಕ್ಕ ಹಿಂದಿನಿಂದ ಅವರ ಅಂಗಿ ಎಳೆದು ಕಿಟಕಿ ಮುಚ್ಚಿದಳು. ಒಂದು ವರ್ಷದ ನೆಮ್ಮದಿ ಕೈಗೆ ಬರುವ ಹೊತ್ತಲ್ಲಿ ಗಂಡ ಧರ್ಮಾತ್ಮನಾಗುವುದು ಅವಳಿಗೆ ಬೇಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಇಡೀ ಮನೆ ಮರಳ ಮೇಲೆ ಸಾಲಾಗಿ ಕೂತಿತ್ತು. ವಾಷರ್ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದು, ಬೆನ್ನ ಹಿಂದೆ ಎರಡು ಗಾಳದ ಕೋಲು ಸಿಕ್ಕಿಸಿ, ರಣರಂಗಕ್ಕೆ ಹೊರಟ ಕುಂಬಳಕಾಯಿಯಂತೆ ಕಯಾಕ್ ಏರಿದ. ಹತ್ತು ಗಜ ಚೆನ್ನಾಗಿಯೇ ಹೋಯಿತು. ಕೆಳಗೆ ಮುಟ್ಟಿ ನೋಡಿಕೊಂಡ: ಒಣ, ಒಂದು ಹನಿಯಿಲ್ಲ. ತಿರುಗಿ ದಡದತ್ತ ಹುಟ್ಟು ಎತ್ತಿ ತೋರಿಸಿದ.

ಆಗ ಬಂತು ಅಲೆ. ದೊಡ್ಡದೇನಲ್ಲ, ಮಕ್ಕಳು ಕುಣಿದಾಡುವಂಥದ್ದು. ಮಡಿಲೊಳಗೆ ಬಿತ್ತು, ಬಿದ್ದದ್ದು ಅಲ್ಲೇ ಕೂತಿತು. ಎರಡನೆಯದು ಬಂದು ಮೊದಲನೆಯದರ ಪಕ್ಕ ಕೂತಿತು. ಮೂರನೆಯದಕ್ಕೆ ನಮ್ಮ ವೀರ ಸೊಂಟದವರೆಗೆ ತನ್ನದೇ ಸ್ವಂತ ಸಮುದ್ರದಲ್ಲಿದ್ದ. ನೀರು ಆ ಕಡೆ ವಾಲಿದರೆ ಕಯಾಕ್ ಆ ಕಡೆ, ಈ ಕಡೆ ವಾಲಿದರೆ ಈ ಕಡೆ. ಅವನ ಕೆಲಸ ಅಷ್ಟು ಚೊಕ್ಕ: ಒಂದು ತೊಟ್ಟೂ ಹೊರಗೆ ಹೋಗಲಿಲ್ಲ.

"ತೂತು ತೆಗಿಯೋ!" ಭಾವ ಕೂಗಿದರು.

"ಸ್ಪ್ಯಾನರ್ ಬೇಕು ಭಾವಾ! ಎರಡು! ಕೆಳಗಿಂದ ಒಬ್ರು ಹಿಡೀ..."

ಮಾತು ಮುಗಿಯುವ ಮೊದಲೇ ಮಗುಚಿತು. ಹಳದಿ ಹೊಟ್ಟೆ ಮೇಲಾಯಿತು, ಎಂಟು ಬೋಲ್ಟುಗಳು ಬಿಸಿಲಿಗೆ ಪದಕಗಳಂತೆ ಹೊಳೆದವು. ತಿರುಗಿಸಿ ಹತ್ತಿದ, ತುಂಬಿತು, ಮಗುಚಿತು. ಮೂರು ಸಲ ಹತ್ತಿದ. ನಾಲ್ಕನೆಯ ಸಲ ಹತ್ತಲಿಲ್ಲ. ಎದೆಮಟ್ಟದ ನೀರಲ್ಲಿ ಕಯಾಕನ್ನು ಎಳೆದುಕೊಂಡು ನಡೆದು ಬಂದ. ಕರಿಬಂಡೆ ಇದ್ದಲ್ಲೇ ಇತ್ತು, ಮೀನುಗಳು ಅದರ ಸುತ್ತ ಕುಣಿಯುತ್ತಲೇ ಇದ್ದವು.

ಹೆಂಡತಿ ಟವೆಲು ಕೊಟ್ಟಳು. "ಅದು ಯಾಕಾಯ್ತು ಅಂದ್ರೆ..." ಎಂದು ಶುರು ಮಾಡಿದ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಅಕ್ಕ ಚೀಲದಿಂದ ಕ್ಯಾಲೆಂಡರ್ ತೆಗೆದಳು, ಮನೆಯಿಂದಲೇ ತಂದಿದ್ದಳು.

ಮಧ್ಯಾಹ್ನ ಭಾವ ಕಯಾಕನ್ನು ಹಿತ್ತಲಲ್ಲಿ ಮಗುಚಿ ಹಾಕಿಕೊಂಡರು. ಮುಂದಿನ ವಾರ ತಾವೇ ಕರಿಬಂಡೆಗೆ ಹೋಗುವವರು, ತೂತು ಬಿಚ್ಚಬೇಕಿತ್ತು. ವಾಷರ್ ಮೆಟ್ಟಿಲ ಮೇಲೆ ಕೂತಿದ್ದ, ಪಕ್ಕದಲ್ಲಿ ಹೆಂಡತಿ ಬಟಾಣಿ ಸುಲಿಯುತ್ತಿದ್ದಳು.

ಭಾವ ಒಂದು ಸ್ಪ್ಯಾನರನ್ನು ಅಡಿಗೆ ತೂರಿಸಿ ಹಿಡಿದು, ಇನ್ನೊಂದರಿಂದ ಮೊದಲ ಬೋಲ್ಟನ್ನು ತಿರುಗಿಸಿದರು. ತಪ್ಪು ದಿಕ್ಕಿಗೆ. ಇನ್ನೂ ಬಿಗಿಯಾಯಿತು. ಮತ್ತೂ ತಿರುಗಿಸಿದರು. ರಬ್ಬರು ಕಿರ್ ಎಂದು ನರಳಿತು. ಟಗ್ ದೋಣಿಯಲ್ಲಿ ನಲವತ್ತು ವರ್ಷ ಕಳೆದವರು ಮುಖ ಎತ್ತಿ, ಹಾಲುಗಲ್ಲದ ಮಗುವಿನಂತೆ ಕೇಳಿದರು: "ಹೀಗೆ ತಿರುಗಿಸಿದ್ರೇ ಅಲ್ವೇನೋ ಸಡಿಲ ಆಗೋದು?"

ವಾಷರ್ ಅರ್ಧ ಎದ್ದ, ಮತ್ತೆ ಕೂತ. ಕಿವಿ ಕೆಂಪಾಯಿತು. ಹೆಂಡತಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಅವನ ಬಾಯನ್ನೇ ನೋಡಿದಳು.

ಮೂವತ್ತು ವರ್ಷದಲ್ಲಿ ಅವನು ನಿಲ್ಲಿಸಿದ ಅತಿ ದೊಡ್ಡ ಸೋರಿಕೆ ಅದೇ.

"ಏನೋ, ಮಾತೇ ಇಲ್ಲ?" ಎಂದು ಭಾವ ಎರಡನೆಯ ಬೋಲ್ಟಿಗೆ ಕೈ ಹಾಕಿದರು.