ಎಮ್ಮೆಯ ಮಾವ

ಇವತ್ತು ಬೆಳಿಗ್ಗೆ ಲಕ್ಷ್ಮೀಪುರಂನ ನಮ್ಮ ಮನೆಯ ಮೇಲೆ ವಿಮಾನವೊಂದು ಎಷ್ಟು ಕೆಳಗೆ ಹೋಯಿತೆಂದರೆ, ಕಾಫಿಯ ಲೋಟ ಮೇಜಿನ ಮೇಲೆ ತಾನಾಗಿಯೇ ನಡುಗಿ ಅರ್ಧ ಗುಟುಕು ಚೆಲ್ಲಿತು. ದೂರು ಬರೆಯೋಣವೆಂದು ಪೆನ್ನಿನ ಮುಚ್ಚಳ ತೆಗೆದೆ. ತೆಗೆದವನು ಹಾಗೇ ಕುಳಿತೆ. ಈ ವಿಷಯದಲ್ಲಿ ನನಗೆ ಹಳೆಯ ಅನುಭವವಿದೆ. ಅದನ್ನು ಕೀರ್ತಿ ಎನ್ನಬೇಕೋ ಬೇರೇನಾದರೂ ಅನ್ನಬೇಕೋ ನೀವೇ ಹೇಳಿ.

ತೊಂಬತ್ತರ ದಶಕದಲ್ಲಿ ನಮಗೆ ಹಾಲು ಹಾಕುತ್ತಿದ್ದವಳು ಕೆಂಪಮ್ಮ. ಮೇಟಗಳ್ಳಿಯ ಕಾರ್ಖಾನೆಗಳು ಮುಗಿದು ಹೊಲ ಶುರುವಾಗುವಲ್ಲಿ ಅವಳ ಊರು. ಇದ್ದದ್ದು ಒಂದೇ ಎಮ್ಮೆ. ಸಂಸಾರ ನಿಂತಿದ್ದದ್ದು ಅದರ ನಾಲ್ಕು ಕಾಲಿನ ಮೇಲೆಯೇ. ಆ ವರ್ಷ ಸೇನೆಯ ತರಬೇತಿ ವಿಮಾನಗಳು ಅವಳ ಕೊಟ್ಟಿಗೆಯ ನೆತ್ತಿಯ ಮೇಲೆ, ಸರಿಯಾಗಿ ಹಾಲು ಕರೆಯುವ ಹೊತ್ತಿಗೆ, ಹಾರಾಟ ಕಲಿಯತೊಡಗಿದವು. ಕಾವಿಗೆ ಕೂತ ಕೋಳಿ ಮೊಟ್ಟೆ ಬಿಟ್ಟು ಓಡಿತು. ಎಮ್ಮೆ ಸೊರೆ ಬಿಡದೆ, ಕೆಚ್ಚಲಿಗೆ ಹಾಲಿಳಿಸದೆ ಕಲ್ಲಾಯಿತು.

"ಮಾವನ ಮುಂದೆ ಹೊಸ ಸೊಸೆ ನಿಂತಂಗೆ ನಿಂತ್ಕತದೆ ಕಣ್ ಬುದ್ಧಿ," ಎಂದಳು ಕೆಂಪಮ್ಮ.

ವಿಮಾನ ದಾಟಿದ ಮೇಲೆ ಬೆನ್ನು ಸವರಿ, "ನಿಮ್ಮಾವ ಹೋದ, ಬುಡವ್ವ" ಎಂದರೆ ಮಾತ್ರ ಹಾಲು ಇಳಿಯುತ್ತಿತ್ತಂತೆ. ಹೀಗಾಗಿ ನಮ್ಮನೆಯಲ್ಲಿ ಕಾಫಿ ಎಂಟೂವರೆಗೆ, ನಾನು ಕಚೇರಿಗೆ ಹನ್ನೊಂದಕ್ಕೆ.

ನಾನು ಗುಮಾಸ್ತ. ಅರ್ಜಿಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ, ಅಥವಾ ಯಾರೂ ಪ್ರಯತ್ನಿಸಿರಲಿಲ್ಲ. ಘನ ಸರ್ಕಾರದ ಸನ್ನಿಧಾನದಿಂದ ಹೊರಟು, ಕೋಳಿಯ ಮಾತೃತ್ವ, ಎಮ್ಮೆಯ ಸಂಕೋಚ, ನುಗ್ಗೆ ಹೂವಿನ ಅಕಾಲಿಕ ಪತನಗಳನ್ನು ಹಾದು ಮೂರು ಪುಟ ತುಂಬಿಸಿದೆ. ಉತ್ತರ ಬರಲಿಲ್ಲ. ಆದರೆ ಎರಡು ತಿಂಗಳಿಗೆ ವಿಮಾನಗಳು ನಿಂತವು. ತರಬೇತಿ ಮುಗಿದಿರಬಹುದು ಎಂದು ಹೆಂಡತಿ ಅಂದಳು, ನಾನು ಕೇಳಿಸಿಕೊಳ್ಳಲಿಲ್ಲ.

ವಿಮಾನ ನಿಂತ ನಾಲ್ಕನೆಯ ದಿನ ಕೆಂಪಮ್ಮ ಖಾಲಿ ಕ್ಯಾನು ಹಿಡಿದು ಬಂದಳು. ಮಾವ ಬಂದು ಹೋಗದೆ ಎಮ್ಮೆ ಈಗ ತೊಟ್ಟು ಹಾಲನ್ನೂ ಇಳಿಸದು. ಕಿವಿ ನಿಮಿರಿಸಿ ಆಕಾಶಕ್ಕೆ ಕಾದು ನಿಲ್ಲುತ್ತದೆ. ದನದ ದಲ್ಲಾಳಿ ಆಗಲೇ ಬಂದು ನೋಡಿಕೊಂಡು ಹೋಗಿದ್ದಾನೆ. ನಾಳಿದ್ದು ಹಗ್ಗ ತರುತ್ತಾನೆ.

"ಕಳ್ಸಿದ್ದು ನೀವು ಬುದ್ಧಿ. ವಾಪಸ್ ನೀವೇ ಕರ್ಸಿ," ಎಂದಳು.

ಎರಡನೆಯ ಅರ್ಜಿಗೆ ಪುರುಸೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಸೈಕಲ್ ತುಳಿದು ಹೋಗಿ, ಪಂಚೆ ಎತ್ತಿಕಟ್ಟಿ, ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಖಾಲಿ ಟಾರ್ ಡ್ರಮ್ಮನ್ನು ಕೊಟ್ಟಿಗೆಯ ಹಿಂದಿನ ಚಪ್ಪಡಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಉರುಳಿಸಿದೆ. ಗಂಟಲಿನಿಂದಲೂ ಕೈಲಾದ ಸೇವೆ ಸಲ್ಲಿಸಿದೆ. ಎಮ್ಮೆ ಕಲ್ಲಾಯಿತು. ಡ್ರಮ್ಮು ಬೇಲಿಗೆ ಬಡಿದು ನಿಂತಿತು. ಒಳಗಿನಿಂದ, ನಗುವಿನ ಸುಳಿವೂ ಇಲ್ಲದ ದನಿಯಲ್ಲಿ, ಕೆಂಪಮ್ಮ ಹೇಳಿದಳು: "ನಿಮ್ಮಾವ ಹೋದ, ಬುಡವ್ವ."

ಚೆಂಬಿಗೆ ಹಾಲು ಬೀಳುವ ಸದ್ದು ಕೇಳಿಸಿತು.

ದಲ್ಲಾಳಿ ಹಗ್ಗವನ್ನು ಹೊತ್ತುಕೊಂಡೇ ಹಿಂದಿರುಗಿದ. ಒಂದೇ ಸಲಕ್ಕೆ ಬಿಡಿಸಬಹುದಾದ ಚಟ ಅದಲ್ಲವಾದ್ದರಿಂದ ದಿನದಿನಕ್ಕೆ ಇನ್ನಷ್ಟು ಮೆಲ್ಲಗೆ ಉರುಳಿಸುತ್ತಾ, ಸದ್ದಿಲ್ಲದೆಯೂ ಹಾಲಿಳಿಯುವವರೆಗೆ, ಇಪ್ಪತ್ತು ದಿನ ನಾನೇ ಆ ಎಮ್ಮೆಗೆ ಮಾವನಾಗಿದ್ದೆ.

ಕಾಫಿ ಆರಿಹೋಗಿದೆ. ಇವತ್ತಿನ ಈ ವಿಮಾನಕ್ಕೆ ಎಲ್ಲಿ, ಯಾವ ಎಮ್ಮೆ ಕಿವಿ ನಿಮಿರಿಸಿ ಕಾದಿದೆಯೋ ಬಲ್ಲವರಾರು. ನನಗೀಗ ಮಂಡಿನೋವು ಬೇರೆ, ಡ್ರಮ್ಮು ಉರುಳಿಸಲಾರೆ.

ಪೆನ್ನಿಗೆ ಮುಚ್ಚಳ ಹಾಕಿದೆ.