ಕಿಟಕಿಯ ಸರಳು ಹಿಡಿಯುತ್ತಿದ್ದ ಟೀಚರ್

ಆ ಕಂಪ್ಯೂಟರನ್ನು ಸುಟ್ಟದ್ದು ಕರೆಂಟಲ್ಲ, ಟೀಚರೂ ಅಲ್ಲ. ನಾನು.

ಟೀಚರ ಎಡಗೈಯ ಬೆರಳುಗಳಿಗೆ ಸದಾ ತುಕ್ಕು ಹತ್ತಿರುತ್ತಿತ್ತು. ಶಹಾಪುರದ ನಮ್ಮ ಮನೆಯ ಮುಂದಿನ ಖೋಲಿ ಬಾಡಿಗೆಗೆ ಹಿಡಿದು, ಆರು ಹಳೆಯ ಕಂಪ್ಯೂಟರ್ ಇಟ್ಟು, ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದಳು. ಯಾವ ಕಂಪ್ಯೂಟರಿನ ಡಬ್ಬಿ ಬಿಚ್ಚುವುದಿದ್ದರೂ ಮೊದಲು ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಹಿಡಿದು ಬಿಡುವಳು. ಯಾವುದೋ ಹರಕೆ ಇರಬೇಕೆಂದು ನಾನು ಸುಮ್ಮನಿದ್ದೆ. ದಸರೆಗೆ ಸರಳುಗಳಿಗೆ ನೀಲಿ ಬಣ್ಣ ಹೊಡೆಸಿದೆ. ಮರುದಿನವೇ ಒಂದು ಸರಳಿನ ಮೇಲೆ ಹೆಬ್ಬೆರಳಷ್ಟು ಜಾಗ ಕೆರೆದಿಟ್ಟಿದ್ದಳು.

“ಹೊಸಾ ಬಣ್ಣ ಕೆರದೀಯಲ್ಲ, ಕೈ ತುರಸ್ತಾವೇನ ನಿನಗ?” ಎಂದು ಜಗಳಕ್ಕೆ ನಿಂತೆ.

“ಬಣ್ಣ ಮುಟ್ಟಿದ್ರ ಉಪಯೋಗಿಲ್ರಿ ಆಯಿ. ನಮ್ಮ ಮೈಯಾಗೂ ಸಣ್ಣ ಕರೆಂಟ್ ಇರ್ತದ. ಬರೇ ಕಬ್ಬಿಣ ಹಿಡದ್ರ ಇಳದು ಹೋಗ್ತದ. ಇಲ್ಲಂದ್ರ ಒಳಗಿನ ಚಿಪ್ಪಿಗೆ ಹೊಡೀತದ.”

“ನನ್ನ ಮೈಯಾಗ ಕರೆಂಟ್ ಇದ್ದಿದ್ರ ಈ ಮೊಣಕಾಲು ಯಾಕ ಹಿಂಗ ಹಿಡಕೊಂಡು ನಿಂದರತಿದ್ವು?”

ಅವಳು ಬಿದ್ದು ಬಿದ್ದು ನಕ್ಕಳು. ಆ ಜಾಗಕ್ಕೆ ಬಣ್ಣ ಮಾತ್ರ ಮತ್ತೆ ಹಚ್ಚಗೊಡಲಿಲ್ಲ.

ಮೂವತ್ತರ ಹೆಂಗಸು. ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಒಂದು ಕಡೆ ಕುಳಿತದ್ದನ್ನು ನಾನು ಎಂದೂ ನೋಡಲಿಲ್ಲ. ಚಹಾ ನಿಂತೇ ಕುಡಿಯುವುದು, ಅರ್ಧ ಕುಡಿದು ಕಿಟಕಿಯಲ್ಲಿಟ್ಟು ಮರೆಯುವುದು, ಸ್ಕ್ರೂಡ್ರೈವರನ್ನು ಜಡೆಗೆ ಸಿಕ್ಕಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುವುದು. ನನಗೂ ಕೈ ಖಾಲಿ ಇದ್ದರೆ ತಲೆ ಕೆಡುತ್ತದೆ. ಅದಕ್ಕೇ ಕರೆಯದಿದ್ದರೂ ಬಕೀಟು, ಹಸಿಬಟ್ಟೆ ಹಿಡಿದು ಅವಳ ಖೋಲಿ ಒರೆಸಲು ಹೋಗುತ್ತಿದ್ದೆ. ಒಂದು ದಿನ ಬಾಗಿಲಲ್ಲೇ ತಡೆದಳು.

“ಹಸಿಬಟ್ಟಿ ತಂದ್ರಿ ಅಂದ್ರ ಮೊದಲ ಒಳಗೇನೇನ ಅದ ನೋಡ್ರಿ. ಏನ ಕೊಲ್ಲಾಕತ್ತೀನಿ ಅನ್ನೂದರ ಗೊತ್ತಿರ್ಲಿ.”

ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹುಡುಗಿಯರ ನಡುವೆ ಕೂರಿಸಿ, ಕೆಟ್ಟುಹೋದ ಒಂದು ಕಂಪ್ಯೂಟರಿನ ಮಗ್ಗುಲ ತಗಡು ಬಿಚ್ಚಿ ತೋರಿಸಿದಳು. ದೊಡ್ಡ ಹಸಿರು ಹಲಗೆ ಮದರ್‌ಬೋರ್ಡ್. ಉಳಿದವೆಲ್ಲ ಅದಕ್ಕೆ ಅಂಟಿಕೊಂಡೇ ಒಂದರೊಡನೊಂದು ಮಾತಾಡಬೇಕು. ಅದರ ಮೇಲೆ ಪ್ರೊಸೆಸರ್, ಲೆಕ್ಕವೆಲ್ಲ ಅದರದ್ದು. ದುಡಿದಷ್ಟೂ ಬಿಸಿಯಾಗುತ್ತದೆಂದು ಅದರ ನೆತ್ತಿಗೊಂದು ಫ್ಯಾನು. ಮೂಲೆಯ ತಗಡಿನ ಡಬ್ಬಿ ಪವರ್ ಸಪ್ಲೈ. ಗೋಡೆಯಿಂದ ಬರುವ ಒರಟು ಕರೆಂಟನ್ನು ಹದ ಮಾಡಿ ಎಲ್ಲಕ್ಕೂ ಹಂಚುತ್ತದೆ. ಅದಕ್ಕೂ ಒಂದು ಫ್ಯಾನು.

ಬೆರಳುದ್ದದ ಪಟ್ಟಿಯೊಂದನ್ನು ಎತ್ತಿ ಹಿಡಿದಳು. “ಇದು ರ‍್ಯಾಮ್. ರೊಟ್ಟಿ ಬಡಿಯೋ ಜಾಗ ಅನ್ಕೋರಿ. ಕೆಲಸ ನಡದಾಗ ಅಷ್ಟ ಇದು. ಕರೆಂಟ್ ಹೋತು, ಇದರಾಗಿಂದೆಲ್ಲಾ ಹೋತು. ಇದು ಹಾರ್ಡ್ ಡಿಸ್ಕ್, ರೊಟ್ಟಿ ಬುಟ್ಟಿ. ಬಡದದ್ದು ಇದರಾಗ ಇಟ್ರ ಉಳೀತದ.”

“ಬುಟ್ಟ್ಯಾಗಿಂದು ಇಲಿ ತಿಂದ್ರ?”

“ಅದಕ್ಕ ಇನ್ನೊಂದು ಬುಟ್ಟಿ ತುಂಬಿ ಇಡಬೇಕ್ರಿ ಆಯಿ.” ಆಮೇಲೆ ಹುಡುಗಿಯರ ಕಡೆ ತಿರುಗಿದಳು. “ನೋಡ್ರೆ, ಇಷ್ಟು ದಿನದಾಗ ನಿಮ್ಮ ಒಬ್ಬಾಕೀಗರ ಈ ಪ್ರಶ್ನಿ ಹೊಳೀತೇನು?”

ಹುಡುಗಿಯರಲ್ಲಿ ದೋರನಹಳ್ಳಿಯಿಂದ ಬರುವವಳೊಬ್ಬಳಿದ್ದಳು, ಎಲ್ಲರಿಗಿಂತ ಚುರುಕು. ಸರ್ಟಿಫಿಕೇಟ್ ಕೈಗೆ ಬಂದರೆ ಹತ್ತಿ ಮಿಲ್ಲಿನ ತೂಕದ ಆಫೀಸಿನಲ್ಲಿ ಕೆಲಸ ಎಂದು ಅವಳಿಗೆ ಮಾತು ಕೊಟ್ಟಿದ್ದರು.

ಪರೀಕ್ಷೆಯ ಹಿಂದಿನ ದಿನ. ಹುಡುಗಿಯರೆಲ್ಲ ಆರು ತಿಂಗಳು ಮಾಡಿದ ಕೆಲಸ ಒಂದೇ ಕಂಪ್ಯೂಟರಿನಲ್ಲಿತ್ತು. ನಾಳೆ ಪರೀಕ್ಷೆ ಮಾಡಲು ಬರುವ ಸಾಹೇಬರಿಗೆ ಅದನ್ನೇ ತೋರಿಸಬೇಕು. ಟೀಚರ್ ಅದನ್ನು ಇನ್ನೊಂದು ಡಿಸ್ಕಿಗೆ ತುಂಬಲು ಹಚ್ಚಿ, ಪರೀಕ್ಷೆಯ ಕಾಗದ ತರಲು ಯಾದಗಿರಿಗೆ ಹೊರಟಳು. “ಹಳೀ ಮಷಿನ್, ತಾಸುಗಟ್ಲೆ ತಗೋತದ. ಮುಟ್ಟಬ್ಯಾಡ್ರಿ ಆಯಿ. ಸಂಜಿಗಿ ಬರ್ತೀನಿ.”

ಮುಟ್ಟಲಿಲ್ಲ. ಆದರೆ ಅದು ಹತ್ತಿಯ ಹಂಗಾಮು. ಹತ್ತಿ ತುಂಬಿದ ಟ್ರ್ಯಾಕ್ಟರುಗಳು ನಮ್ಮ ಬಾಗಿಲ ಮುಂದೆಯೇ ಮಿಲ್ಲಿಗೆ ಹೋಗುತ್ತವೆ. ಮಧ್ಯಾಹ್ನ ಗಾಳಿ ಎದ್ದು ಧೂಳು, ಅರಳೆ ಎರಡೂ ಒಳಗೆ ನುಗ್ಗಿದವು. ಕಿಟಕಿಯ ಬಾಗಿಲು ಉಬ್ಬಿ ಮುಚ್ಚಲೊಲ್ಲದು. ಧೂಳೇ ಇವುಗಳ ವೈರಿ ಎಂದು ಅವಳು ದಿನಾ ಹೇಳುತ್ತಿದ್ದಳು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನಾನೇ ಹೊಲಿದ ಕೆಂಪು ಅಂಚಿನ ಕೌದಿ ತಂದೆ. ಫ್ಯಾನು ಒಳಗೇ ಇದೆಯಲ್ಲ, ಹೊರಗೆ ಹೊದಿಸಿದರೇನು ಎಂದುಕೊಂಡು ಎರಡು ಮಡಿಕೆ ಮಾಡಿ ಆ ಕಂಪ್ಯೂಟರಿಗೆ ಬಿಗಿಯಾಗಿ ಹೊದಿಸಿದೆ. ಹೊದಿಸಿ ಮೆಣಸಿನಕಾಯಿ ಬಿಡಿಸುತ್ತ ಕುಳಿತೆ.

ಸುಟ್ಟ ವಾಸನೆ ಬಂದಾಗ ನನ್ನ ಒಲೆಯದೇ ಇರಬೇಕೆಂದು ಮೊದಲು ಅಡುಗೆಮನೆಗೆ ಓಡಿದೆ. ಅಲ್ಲೇನೂ ಇಲ್ಲ. ಬಂದು ಕೌದಿ ಎಳೆದರೆ ಹೊಗೆ. ಸ್ವಿಚ್ ಆರಿಸಿದೆ. ಕೌದಿಯನ್ನು ಟ್ರಂಕಿಗೆ ತುರುಕಿದೆ.

ಸಂಜೆ ಟೀಚರ್ ಬಂದಳು. “ಯಾರರ ಬಂದಿದ್ರೇನ್ರಿ?”

“ಯಾರೂ ಇಲ್ಲ. ಕರೆಂಟ್ ಹೋಗಿ ಬಂತು,” ಎಂದೆ. ಕರೆಂಟು ಹೋಗಿಯೇ ಇರಲಿಲ್ಲ.

ಸುದ್ದಿ ತಿಳಿದು ಊರೊಳಗಿನ ಹುಡುಗಿಯರು ಓಡಿ ಬಂದರು. ಎಲ್ಲರ ಎದುರಿಗೇ ಅವಳು ಸರಳು ಹಿಡಿದು ಬಿಟ್ಟು ಡಬ್ಬಿ ಬಿಚ್ಚಿದಳು. ಪವರ್ ಸಪ್ಲೈ ಸುಟ್ಟು, ಹಾರ್ಡ್ ಡಿಸ್ಕನ್ನೂ ತನ್ನೊಂದಿಗೆ ಒಯ್ದಿತ್ತು. ಎರಡನೆಯ ಬುಟ್ಟಿ ಅರ್ಧವೂ ತುಂಬಿರಲಿಲ್ಲ. ಪವರ್ ಸಪ್ಲೈ ಫ್ಯಾನಿನ ಎಲೆಗಳಿಗೆ ಒಂದು ಕೆಂಪು ದಾರ ಸುತ್ತಿಕೊಂಡಿತ್ತು. ಅದನ್ನು ಚಿಮುಟದಿಂದ ಎಳೆದು, ಬೆರಳಿಗೆ ಸುತ್ತಿ, ಸ್ಕ್ರೂ ಡಬ್ಬಿಗೆ ಹಾಕಿ ಮುಚ್ಚಿದಳು. ನನ್ನ ಕಡೆ ನೋಡಲಿಲ್ಲ. ಹುಡುಗಿಯರಿಗೆ ಹೇಳಿದಳು:

“ಒಂದು ನೆನಪಿಡ್ರೆ. ಫ್ಯಾನು ಗಾಳಿ ಹುಟ್ಟಸೂದಿಲ್ಲ. ಹೊರಗಿನ ತಣ್ಣನ ಗಾಳಿ ಒಳಗ ಬರಬೇಕು, ಒಳಗಿನ ಬಿಸಿ ಹೊರಗ ಹೋಗಬೇಕು. ದಾರಿ ಮುಚ್ಚಿದ್ರ ಎಷ್ಟ ತಿರಗಿದ್ರೂ ಅದ ಬಿಸಿ ಗಾಳಿ.”

ಆ ಮಾತು ಯಾರಿಗೆಂದು ನನಗೆ ಗೊತ್ತಾಯಿತು.

ಮರುದಿನ ಸಾಹೇಬರು ಸಿಟ್ಟಾದರು. ಅವಳು ಒಂದೇ ಮಾತು ಆಡಿದಳು: “ಕ್ಲಾಸ್ ನಂದ್ರಿ ಸರ್. ಮಷಿನ್ ಬಿಟ್ಟು ಹೋದಾಕಿ ನಾನು.” ನಾನು ಬಾಗಿಲಲ್ಲಿ ನಿಂತು ಕೇಳಿದೆ. ಬಾಯಿ ಬಿಡಲಿಲ್ಲ. ಅಷ್ಟೊಂದು ಹುಡುಗಿಯರು ಅಳುತ್ತಿದ್ದರು, ಹೆದರಿದೆ. ಬೇರೆ ಕಾರಣವಿಲ್ಲ. ತೋರಿಸಲು ಕೆಲಸವೇ ಇಲ್ಲದ್ದರಿಂದ ಯಾರಿಗೂ ಸರ್ಟಿಫಿಕೇಟ್ ಸಿಗಲಿಲ್ಲ, ಕ್ಲಾಸಿನ ಪರವಾನಗಿಯೂ ಹೋಯಿತು. ದೋರನಹಳ್ಳಿ ಹುಡುಗಿಯ ಮಿಲ್ಲಿನ ಕೆಲಸವೂ ಬೇರೆಯವರಿಗೆ ಹೋಯಿತು. ವಾರದೊಳಗೆ ಟೀಚರ್ ಖೋಲಿ ಬಿಟ್ಟು, ಸುರಪುರದ ಒಂದು ಶಾಲೆಯಲ್ಲಿ ಕಲಿಸಲು ಹೋದಳು.

ಆಮೇಲೆ ಒಮ್ಮೆ ಮಾತ್ರ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಬಸ್ಸು ಹೊರಟಿತ್ತು, ಬಾಗಿಲಲ್ಲಿ ನಿಂತಿದ್ದಳು. ಹೇಳಬೇಕೆಂದು ಓಡಿದೆ. ಅವಳೇ ಕೂಗಿದಳು: “ಸರಳಿಗಿ ಬಣ್ಣ ಹಚ್ಚಿದ್ರೇನ್ರಿ ಆಯಿ?”

“ಇಲ್ಲ,” ಎಂದೆ. ಬಸ್ಸು ಹೋಯಿತು.

ಮೂರು ವರ್ಷ ಕಳೆದವು. ಹೋದ ತಿಂಗಳು ದೋರನಹಳ್ಳಿ ಹುಡುಗಿ ಕೀಬೋರ್ಡ್ ಕೊಳ್ಳಲು ಶಹಾಪುರಕ್ಕೆ ಬಂದವಳು ಮನೆಗೂ ಬಂದಳು. ಬೇರೆ ಕಡೆ ಕಲಿತು, ಈಗ ಊರಲ್ಲಿ ತಾನೇ ಕ್ಲಾಸು ನಡೆಸುತ್ತಾಳೆ. ಟೀಚರ್ ಕಾಮಾಲೆಯಾಗಿ ತೀರಿಕೊಂಡಳೆಂದು ಹೇಳಿದಳು.

“ಪಾಪ ಖರೆ,” ಎಂದಳು. “ಆದ್ರ ನಾ ಪ್ರತಿ ಬ್ಯಾಚಿಗೂ ಹೇಳ್ತೀನ್ರಿ ಆಯಿ, ಮಷಿನ್ ಚಾಲೂ ಬಿಟ್ಟು ಹೋಗಿ ಎಲ್ಲಾರನ್ನೂ ಮುಳುಗಿಸಿದ್ರು, ನಮ್ಮ ಟೀಚರಂಗ ಮಾಡಬ್ಯಾಡ್ರಿ ಅಂತ.”

ಅವಳು ಹೋದ ಮೇಲೆ ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ. ಅಕ್ಕಿ ಆರಿಸಲು ಕುಳಿತು ಎದ್ದೆ. ಸೊಸೆ ಕೇಳಿದಳು, “ಏನಾತ್ರಿ ಅತ್ತಿ, ಕಾಲಿಗಿ ಗಾಲಿ ಕಟ್ಟಕೊಂಡೀರೇನು?”

ಮರುದಿನ ಬೆಳಿಗ್ಗೆ ಟ್ರಂಕಿನಿಂದ ಕೌದಿ ತೆಗೆದು, ಮೊದಲ ಬಸ್ಸಿಗೆ ದೋರನಹಳ್ಳಿಗೆ ಹೋದೆ. ಹುಡುಗಿ ಕ್ಲಾಸಿನ ಬಾಗಿಲು ತೆರೆದಿದ್ದಳು. ಒಳಗೆ ಏಳೆಂಟು ಹೆಣ್ಣುಮಕ್ಕಳು. ಕೌದಿಯನ್ನು ಟೇಬಲ್ಲಿನ ಮೇಲೆ ಹರಡಿ, ದಾರ ಕಿತ್ತುಹೋದ ಅಂಚು ತೋರಿಸಿ, ನಡೆದದ್ದು ಹೇಳಿದೆ. ಅವಳು ಕುಳಿತುಕೊಳ್ಳಿ ಎನ್ನಲಿಲ್ಲ. ಎನ್ನಬೇಕಾದದ್ದೂ ಇಲ್ಲ.

“ಆಕಿ ಇದ್ದಾಗ ಹೇಳಾಕ ಬಾಯಿ ಇರ್ಲಿಲ್ಲೇನ್ರಿ?”

“ಇತ್ತು. ಹೇಳ್ಲಿಲ್ಲ.”

“ನನಗ ಹೇಳಿ ಏನ ಮಾಡ್ತೀರಿ? ಇವರಿಗಿ ಹೇಳ್ರಿ. ಇಷ್ಟ ದಿನ ನಾ ಇವರಿಗಿ ಸುಳ್ಳು ಕಲಿಸೀನಿ.”

ಕಿಟಕಿಯ ಬಳಿ ಹೋಗಿ ಸರಳು ಹಿಡಿದು ಬಿಟ್ಟು ಬಂದು, ಒಂದು ಕಂಪ್ಯೂಟರಿನ ತಗಡು ಬಿಚ್ಚಿದಳು. ಆ ಸರಳಿನಲ್ಲೂ ಹೆಬ್ಬೆರಳಷ್ಟು ಜಾಗದ ಬಣ್ಣ ಕೆರೆದಿತ್ತು. ನಾನೂ ಹೋಗಿ ಅಲ್ಲೇ ಕೈ ಇಟ್ಟೆ. ಬೆರಳಿಗೆ ತುಕ್ಕು ಹತ್ತಿತು. ತಿರುಗಿ ಬಂದು ಒಳಗಿನ ಫ್ಯಾನಿನ ಮೇಲೆ ಬೆರಳಿಟ್ಟೆ.

“ಇದು ಗಾಳಿ ಹುಟ್ಟಸೂದಿಲ್ಲ,” ಎಂದೆ. “ಇದರ ದಾರಿ ಮುಚ್ಚಿ ಕೌದಿ ಹೊಚ್ಚಿದಾಕಿ ನಾನು. ನಿಮ್ಮ ಟೀಚರಿಗೆ ಕಲಿಸಿದಾಕಿ ಅಲ್ಲ.”