ಕಕ್ಕಸಿನ ಗೋಡೆಯ ಕ್ಯಾಲೆಂಡರು

ನೈರೋಬಿಯ ಲಂಗಾಟಾದಲ್ಲಿ ನಾವು ಬಾಡಿಗೆಗೆ ಹಿಡಿದ ಕಾಂಪೌಂಡಿನಲ್ಲಿ ಆರು ಮನೆಗಳಿದ್ದವು. ಐದರಲ್ಲಿ ಡಚ್ಚರು, ಹೂವು ರಫ್ತು ಮಾಡುವ ಕಂಪನಿಯವರು. ಆರನೆಯದರಲ್ಲಿ ನಾವು. ಔಷಧಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ನನ್ನ ಗಂಡ ಏಳಕ್ಕೇ ಹೊರಟುಬಿಡುತ್ತಿದ್ದರು, ಮಗಳು ಸ್ಕೂಲಿಗೆ. ಆಮೇಲೆ ಸಂಜೆಯವರೆಗೂ ನಾನೊಬ್ಬಳೇ. ಕನ್ನಡ ಮಾತಾಡುವವರೆಲ್ಲ ಊರಿನ ಇನ್ನೊಂದು ತುದಿಯಲ್ಲಿ, ಹೈರಿಡ್ಜ್ ಕಡೆ ಇದ್ದರು. ಜನ ತುಂಬಿದ ಮಟಾಟು ವ್ಯಾನಿನಲ್ಲಿ ಒಬ್ಬಳೇ ಹೋಗಲು ಗಂಡ ಬಿಡುತ್ತಿರಲಿಲ್ಲ.

ಮೈಸೂರಿನಲ್ಲಿ ನಮ್ಮ ಮನೆಗೆ ಯಾರೂ ಹೇಳಿ ಬಂದವರಲ್ಲ. ಇಲ್ಲಿ ಹೇಳದೆ ಯಾರಾದರೂ ಒಬ್ಬರು ಬಂದುಬಿಡಲಿ ಎಂದು ನಾನು ಕಾಯುತ್ತಿದ್ದೆ. ಬಾಗಿಲು ಬಡಿದರೆ ಸಾಕು ಎದ್ದು ಓಡುತ್ತಿದ್ದೆ. ಪ್ರತಿಸಲವೂ ಗೇಟಿನ ಕಾವಲುಗಾರ.

ಪಕ್ಕದ ಮನೆಯಾಕೆ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಒಳ್ಳೆಯವರೇ. ಆದರೆ ಮೊದಲ ಸಲ ಕಾಫಿಗೆ ಕರೆದವರು ಡೈರಿ ತೆಗೆದು, ಮುಂದಿನ ಗುರುವಾರ ಹತ್ತು ಗಂಟೆ ಎಂದು ಬರೆದುಕೊಂಡರು. ನಡುವೆ ಇರುವುದು ಒಂದು ಬೇಲಿ, ಅದನ್ನು ದಾಟಲು ಒಂಬತ್ತು ದಿನ! ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದ್ದನ್ನೂ ನಾನು ಹೊಟ್ಟೆಗೆ ಹಾಕಿಕೊಂಡೆ. ನನ್ನ ಹುಟ್ಟಿದ ದಿನ ಯಾವುದೆಂದು ಕೇಳಿದರು, ಹೇಳಿದೆ.

ಇನ್ನೊಂದು ಗುರುವಾರ ಅವರ ಟಾಯ್ಲೆಟ್ಟಿಗೆ ಹೋದಾಗ, ಕಮೋಡಿನ ಎದುರಿಗೇ ಒಂದು ಕ್ಯಾಲೆಂಡರು. ವಾರಗಳಿಲ್ಲ, ಬರೀ ತಾರೀಕು, ಅವುಗಳ ಮುಂದೆ ಹೆಸರುಗಳು. ಕೆಳಗೆ ನೋಡುತ್ತೇನೆ, ನೀಲಿ ಸ್ಕೆಚ್ ಪೆನ್ನಿನಲ್ಲಿ ನನ್ನ ಹೆಸರು! ಮೈಯೆಲ್ಲ ಉರಿದುಹೋಯಿತು. ನಮ್ಮಜ್ಜಿ ದೇವರ ಹೆಸರು ಹುಡುಕಿ ಇಟ್ಟದ್ದು, ಇವರು ಬರೆದಿಟ್ಟದ್ದು ಕಕ್ಕಸಿನಲ್ಲಿ. ಟಿಶ್ಯೂ ಒದ್ದೆ ಮಾಡಿ ತಿಕ್ಕಿ ತಿಕ್ಕಿ ಅಳಿಸಿದೆ. ನೀಲಿ ಕಲೆ ಮಾತ್ರ ಉಳಿಯಿತು. ಹೊರಗೆ ಬಂದು ಏನೂ ಆಗದವಳಂತೆ ಕಾಫಿ ಮುಗಿಸಿದೆ.

ಹುಟ್ಟುಹಬ್ಬದ ದಿನ, ಸಿಟ್ಟಿದ್ದರೂ, ಯಾರಾದರೂ ಬಂದರೆ ಇರಲಿ ಎಂದು ಕೇಸರಿಬಾತ್ ಮಾಡಿದ್ದೆ. ಯಾರೂ ಬರಲಿಲ್ಲ. ಮೈಸೂರಿನಿಂದ ಅಕ್ಕ ಫೋನ್ ಮಾಡುವುದು ಜನ್ಮನಕ್ಷತ್ರದ ದಿನ, ಅವಳಿಗೆ ತಾರೀಕು ಲೆಕ್ಕಕ್ಕಿಲ್ಲ. ಅದಕ್ಕೆ ಇನ್ನೂ ಹತ್ತು ದಿನವಿತ್ತು. ಅವತ್ತು ಅಕ್ಕನ ಮೇಲೂ ಕೋಪ ಬಂತು.

ಮಾರನೆಯ ವಾರ ತಡೆಯಲಾರದೆ ಗಂಡನ ಮುಂದೆ ಎಲ್ಲ ಹೇಳಿಕೊಂಡೆ. "ಹೋಗ್ಲಿ ಬಿಡೇ, ಅವ್ರ ಕಲ್ಚರ್ ಏನೋ" ಎಂದರು. ಆ ಮನೆಯ ಹುಡುಗಿಯರ ಜೊತೆ ಆಡಲು ಹೋಗುತ್ತಿದ್ದ ಮಗಳು ಪುಸ್ತಕದಿಂದ ತಲೆ ಎತ್ತಿದಳು.

"ಅಮ್ಮಾ, ದಟ್ಸ್ ದ ಬರ್ತ್‌ಡೇ ಕ್ಯಾಲೆಂಡರ್! ದಿನಾ ನೋಡ್ಬೇಕಲ್ಲ, ಸೋ ದೇ ನೆವರ್ ಫರ್ಗೆಟ್. ಓನ್ಲಿ ಫ್ಯಾಮಿಲಿ ಆಂಡ್ ಕ್ಲೋಸ್ ಫ್ರೆಂಡ್ಸ್."

ಮರುದಿನ ಬೆಳಿಗ್ಗೆ ಗುರುವಾರಕ್ಕೂ ಕಾಯದೆ ಹೋಗಿ ಅವರ ಬಾಗಿಲು ಬಡಿದೆ. ಅವರು ಒಲೆಯ ಮೇಲೆ ಸೂಪಿಟ್ಟು ನಿಂತಿದ್ದರು. ಹೆಸರು ಅಳಿಸಿದವಳು ನಾನೇ ಎಂದೆ.

"ಗೊತ್ತು. ಅವತ್ತೇ ನೋಡಿದೆ. ನಿಮಗೆ ನಾವು ಬೇಡ ಅಂದುಕೊಂಡೆ. ಕೇಕ್ ಮಾಡಿದ್ದೆ, ಆದರೆ ಬೇಡ ಅಂದವರ ಮನೆಗೆ ಹೇಗೆ ಬರಲಿ?" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು.

"ನಮ್ಮಲ್ಲಿ ಬೇಡ ಅಂದರೂ ಬರುತ್ತಾರೆ!" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು, ನಾಚಿಕೆಯಿಲ್ಲದೆ ಅವರ ಹೊಸ್ತಿಲ ಮೇಲೆಯೇ ಅತ್ತೆ.

ಅವರು ಗಾಬರಿಯಾಗಿ ಡೈರಿಗೆ ಕೈ ಹಾಕಿದರು. ಯಾವಾಗ ಬರಲಿ ಎಂದರು.

"ಈಗ ಬನ್ನಿ. ಈಗಲೇ."

ಒಂದು ಗಳಿಗೆ ನನ್ನ ಮುಖ ನೋಡಿದರು. ಒಲೆ ಆರಿಸಿದರು. ಏಪ್ರನ್ನನ್ನೂ ಬಿಚ್ಚದೆ ನನ್ನ ಹಿಂದೆಯೇ ಬಂದು, ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಅಷ್ಟು ತಿಂಗಳು ಬಯಸಿದ್ದು ಕೊನೆಗೂ ಆಯಿತು. ಆದರೆ ಅವರಿಗೆ ಬೆನ್ನು ಹಾಕಿ ಕಾಫಿ ಸೋಸುತ್ತಿದ್ದಾಗ, ಹಾಳಾದ್ದು, ಆ ಸ್ಟೂಲಿನ ಮೇಲೆ ಅಕ್ಕ ಕೂತಿರಬಾರದೆ ಎನ್ನಿಸಿತು. ಕಾಫಿ ಸೋಸಿ ಮುಗಿದ ಮೇಲೂ ತಿರುಗಲು ಸ್ವಲ್ಪ ಹೊತ್ತು ಬೇಕಾಯಿತು.